ಆಷಾಢದಲ್ಲಿ ಬಿಚ್ಚಿ ಕಟ್ಟಿದ ಸರ್ವರ್ ಕೋಣೆ

ಲಗ್ನಪತ್ರಿಕೆಗಳನ್ನು ನಂಬಿಕೊಂಡ ಮುದ್ರಣಾಲಯಕ್ಕೆ ಆಷಾಢ ಬಿಡುವಿನ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಯಂತ್ರಗಳಿಗೆ ಎಣ್ಣೆ ಹಾಕಿ, ರೋಲರ್ ಬದಲಿಸಿ, ಗೋಡೆಗೆ ಸುಣ್ಣ ಬಳಿಸುವ ಕಾಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಅಂಥ ಒಂದು ಮುದ್ರಣಾಲಯದ ಕಂಪ್ಯೂಟರ್‌ಗಳನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಈ ಸಲದ ಆಷಾಢವನ್ನು ಯಜಮಾನರಿಂದ ಕೇಳಿ ಪಡೆದೆ. ಒಂದೇ ರಾಶಿಯಾಗಿ ಬಿದ್ದಿದ್ದ ಸರ್ವರ್‌ಗಳನ್ನು ಬೇರೆ ಬೇರೆ ಆಡಳಿತ ವಲಯಗಳಾಗಿ, ಅಂದರೆ ಒಂದರ ಕೀಲಿ ಇನ್ನೊಂದನ್ನು ತೆರೆಯದ ಗುಂಪುಗಳಾಗಿ, ವಿಂಗಡಿಸಬೇಕಿತ್ತು.

ಅದಕ್ಕೆ ಕಾರಣ ವೈಶಾಖದಲ್ಲೇ ಹುಟ್ಟಿತ್ತು. ಡಿಟಿಪಿ ಕೋಣೆಯ ಒಂದು ಕಂಪ್ಯೂಟರ್‌ನಲ್ಲಿ ಯಾರೋ ಇಮೇಲ್‌ನಲ್ಲಿ ಬಂದ ಕಡತವೊಂದನ್ನು ತೆರೆದಿದ್ದರು. ಹತ್ತು ನಿಮಿಷದಲ್ಲಿ ಆ ಯಂತ್ರದ ಕಡತಗಳೆಲ್ಲ ಬೀಗ ಬಿದ್ದು ಕುಳಿತವು. ಸರ್ವರ್‌ನ ಎರಡು ಫೋಲ್ಡರ್‌ಗಳಿಗೂ ಅದು ಕೈ ಹಾಕಿತ್ತು. ಪಕ್ಕದಲ್ಲಿದ್ದ ಹಿರಿಯ ವಿನ್ಯಾಸಗಾರರು ಏನೋ ಸರಿಯಿಲ್ಲವೆಂದು ಅನುಮಾನಿಸಿ ನೆಟ್‌ವರ್ಕ್ ಕೇಬಲ್ ಕಿತ್ತರು. ಅವರ ಆ ಒಂದು ಸಮಯಪ್ರಜ್ಞೆಯಿಂದ ಮುದ್ರಣಾಲಯ ಉಳಿಯಿತು. ಆಮೇಲೆ ನೋಡಿದರೆ, ಆ ಕಂಪ್ಯೂಟರ್ ಲಾಗಿನ್ ಆಗಿದ್ದದ್ದು ಇಡೀ ಡೊಮೇನಿನ, ಅಂದರೆ ಒಂದೇ ಲಾಗಿನ್ ವ್ಯವಸ್ಥೆಗೆ ಸೇರಿದ ಎಲ್ಲ ಯಂತ್ರಗಳ, ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ! ಯಾಕೆಂದು ಕೇಳಿದಾಗ ಸಿಕ್ಕ ಉತ್ತರ ಸರಳವಾಗಿತ್ತು: ಗ್ರಾಹಕರು ಹೊಸ ಹೊಸ ಅಕ್ಷರಶೈಲಿ ಕೇಳುತ್ತಾರೆ, ಫಾಂಟ್ ಅಳವಡಿಸಲು ಅಡ್ಮಿನ್ ಅನುಮತಿ ಬೇಕು, ಪ್ರತಿ ಸಲ ನನಗೆ ಫೋನ್ ಮಾಡುವುದು ಸಾಧ್ಯವಿಲ್ಲ. ಹಾಗಾಗಿ ಪಾಸ್‌ವರ್ಡ್ ಮಾನಿಟರ್ ಕೆಳಗೆ ಅಂಟಿಸಿದ ಚೀಟಿಯಲ್ಲಿತ್ತು. ಅದೇ ಪಾಸ್‌ವರ್ಡ್‌ನಿಂದ ಲೆಕ್ಕಪತ್ರದ ಸರ್ವರ್ ತೆರೆಯುತ್ತಿತ್ತು, ಬ್ಯಾಕಪ್ ಪೆಟ್ಟಿಗೆ ತೆರೆಯುತ್ತಿತ್ತು, ಸರ್ವರನ್ನು ತನ್ನೊಳಗೆ ಹೊತ್ತ ಹೋಸ್ಟ್ ಯಂತ್ರವೂ ತೆರೆಯುತ್ತಿತ್ತು. ಬೀಗಗಳು ಹಲವಿದ್ದರೂ ಕೀಲಿಕೈ ಒಂದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಕೇಬಲ್ ಕೀಳುವುದು ಇನ್ನು ಅರ್ಧ ಗಂಟೆ ತಡವಾಗಿದ್ದರೆ ಬ್ಯಾಕಪ್ ಸಮೇತ ಎಲ್ಲವೂ ಹೋಗುತ್ತಿತ್ತು.

ಮೊದಲ ವಾರ: ಬರೀ ನೋಡಿದ್ದು

ಇದ್ದದ್ದು ಕಂಪ್ಯೂಟರ್‌ಗಳ ತಂತಿಗಳನ್ನು ಒಂದಕ್ಕೊಂದು ಜೋಡಿಸುವ 24 ಪೋರ್ಟ್‌ನ ಒಂದು ಸಾದಾ ಸ್ವಿಚ್ಚು, ಅದಕ್ಕೆ ಎಲ್ಲವೂ ಸಿಕ್ಕಿಕೊಂಡಿದ್ದವು. ವಿಳಾಸಗಳೆಲ್ಲ 192.168.1ರ ಸಾಲಿನವು. ಒಂದು ಹೋಸ್ಟ್ ಯಂತ್ರ; ಅದರೊಳಗೆ ಹೈಪರ್-ವಿ ಎಂಬ ತಂತ್ರಾಂಶದ ಮೇಲೆ ಒಂದೇ ಒಂದು ವರ್ಚುವಲ್ (ತಂತ್ರಾಂಶದಲ್ಲೇ ಕಟ್ಟಿದ) ಸರ್ವರ್. ಎಲ್ಲರ ಲಾಗಿನ್ ಪರೀಕ್ಷಿಸುವ ಡೊಮೇನ್ ಕಂಟ್ರೋಲರ್, ಕಡತಗಳ ಸಂಗ್ರಹ, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಮೂರೂ ಅದರಲ್ಲೇ. ಪಕ್ಕದಲ್ಲಿ ಬ್ಯಾಕಪ್ ಪೆಟ್ಟಿಗೆ. ಕೆಳಗಿನ ಅಂಕಣದಲ್ಲಿ ಪ್ಲೇಟ್ ತಯಾರಿಸುವ ಯಂತ್ರಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರ್, ಇವತ್ತಿಗೂ ವಿಂಡೋಸ್ ಎಕ್ಸ್‌ಪಿ. ಜೊತೆಗೆ ಸಿಸಿ ಕ್ಯಾಮೆರಾಗಳ ರೆಕಾರ್ಡರ್, ಹಾಜರಾತಿ ಯಂತ್ರ, ವೈಫೈ.

ಒಳಗಿನ ದಾರಿಗಳನ್ನು ಬೇಕಾದಂತೆ ಹೊಂದಿಸಬಹುದಾದ ಹೊಸ ಮ್ಯಾನೇಜ್ಡ್ ಸ್ವಿಚ್ಚನ್ನೂ ಒಂದು ಚಿಕ್ಕ ಪೆಟ್ಟಿಗೆಯಲ್ಲಿ, ಯಾರು ಎಲ್ಲಿಗೆ ಹೋಗಬಹುದೆಂದು ಕಾಯುವ ಓಪಿಎನ್‌ಸೆನ್ಸ್ ಫೈರ್‌ವಾಲನ್ನೂ ತಂದೆ. ಆದರೆ ಮೊದಲ ವಾರ ಯಾವುದನ್ನೂ ತಡೆಯಲಿಲ್ಲ. ಸ್ವಿಚ್ಚಿನ ಒಂದು ಪೋರ್ಟಿಗೆ ಎಲ್ಲರ ಮಾತುಕತೆಯ ಪ್ರತಿ ಬರುವಂತೆ ಮಾಡಿ, ಯಾರು ಯಾರ ಜೊತೆ ಮಾತನಾಡುತ್ತಾರೆ ಎಂದು ಬರೆದುಕೊಂಡೆ. ಈ ಕೆಲಸಕ್ಕೆ ಇಳಿಯುವವರು ಈ ವಾರವನ್ನು ಉಳಿಸಲು ಹೋಗಬಾರದು. ಸಿಬ್ಬಂದಿಯನ್ನು ಕೇಳಿದರೆ ಅವರಿಗೆ ಗೊತ್ತಿರುವುದನ್ನು ಹೇಳುತ್ತಾರೆ. ತಂತಿಯನ್ನು ಕೇಳಿದರೆ ಅವರಿಗೂ ಗೊತ್ತಿಲ್ಲದ್ದು ಹೊರಬರುತ್ತದೆ.

ನನಗೆ ಸಿಕ್ಕ ದೊಡ್ಡ ಅಚ್ಚರಿ ಮೂಲೆಯಲ್ಲಿದ್ದ ಜೆರಾಕ್ಸ್ ಯಂತ್ರ. ಅದರಲ್ಲಿ ಸ್ಕ್ಯಾನ್ ಮಾಡಿದ ಪುಟಗಳು ನೇರವಾಗಿ ಸರ್ವರ್‌ನ ಒಂದು ಫೋಲ್ಡರ್‌ಗೆ ಹೋಗುತ್ತವೆ. ಹೋಗಲು ಖಾತೆ ಬೇಕಲ್ಲ, ಅದನ್ನು ಅಳವಡಿಸಿದವರು ಡೊಮೇನ್ ಅಡ್ಮಿನಿಸ್ಟ್ರೇಟರ್ ಖಾತೆಯನ್ನೇ ಅದರೊಳಗೆ ತುಂಬಿದ್ದರು. ಯಂತ್ರದ ಪುಟ್ಟ ಪರದೆಯಲ್ಲಿ ವಿಳಾಸಪುಸ್ತಕ ತೆರೆದಾಗ ಬಳಕೆದಾರರ ಹೆಸರಿನ ಜಾಗದಲ್ಲಿ ಅದು ಎದ್ದು ಕಾಣುತ್ತಿತ್ತು. ಕೆಳಗಿನ ಸಾಲಿನಲ್ಲಿ ಎಂಟು ಚುಕ್ಕೆಗಳು. ದಾಳಿ ಮಾಡಲು ಆಚೆ ದಂಡೆಯಲ್ಲಿ ಕುಳಿತವರು ಸರ್ವರ್ ಒಡೆಯಬೇಕಾಗಿಯೇ ಇರಲಿಲ್ಲ, ಜೆರಾಕ್ಸ್ ಯಂತ್ರವನ್ನು ಕೇಳಿದ್ದರೆ ಸಾಕಿತ್ತು. ಅವತ್ತೇ ಅದಕ್ಕೆ ಆ ಒಂದು ಫೋಲ್ಡರ್‌ನಲ್ಲಿ ಬರೆಯಲು ಮಾತ್ರ ಅನುಮತಿಯಿರುವ ಬೇರೆ ಖಾತೆ ಮಾಡಿಕೊಟ್ಟೆ.

ಗೆರೆ ಎಲ್ಲಿ ಎಳೆಯುವುದು

ಕಾಗದದ ಮೇಲೆ ಎರಡು ದಿನ ಹೋದವು. ಪ್ರತಿ ವಿಭಾಗಕ್ಕೂ ಒಂದೊಂದು ಆಕ್ಟಿವ್ ಡೈರೆಕ್ಟರಿ (ವಿಂಡೋಸ್‌ನ ಖಾತೆಗಳ ದಾಖಲೆ) ಡೊಮೇನ್ ಮಾಡಿಬಿಡಿ ಎಂದು ಸ್ನೇಹಿತರೊಬ್ಬರು ಹೇಳಿದರು. ಕೇಳಲು ಚೆನ್ನಾಗಿದೆ, ಆದರೆ ಅದರಿಂದ ರಕ್ಷಣೆ ಬರುವುದಿಲ್ಲ. ಡೊಮೇನ್‌ಗಳ ಗುಂಪಿಗೆ ಫಾರೆಸ್ಟ್ ಎನ್ನುತ್ತಾರೆ; ಒಂದೇ ಫಾರೆಸ್ಟ್‌ನೊಳಗೆ ಎಷ್ಟು ಡೊಮೇನ್ ಮಾಡಿದರೂ ಅವು ಒಂದನ್ನೊಂದು ನಂಬುತ್ತವೆ. ಭದ್ರತೆಯ ನಿಜವಾದ ಗಡಿ ಫಾರೆಸ್ಟ್ ಎಂದು ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. ಇಪ್ಪತ್ತು ಕಂಪ್ಯೂಟರ್‌ಗಳ ಮುದ್ರಣಾಲಯಕ್ಕೆ ಎರಡು ಫಾರೆಸ್ಟ್ ಕಟ್ಟಿ ಸಾಕುವವರು ಯಾರು? ಹಾಗಾಗಿ ಡೊಮೇನ್ ಒಂದೇ ಇರಲಿ, ಅದರ ನೆರಳೇ ಬೀಳಬಾರದ ಯಂತ್ರಗಳನ್ನು ಡೊಮೇನಿನಿಂದ ಪೂರ್ತಿ ಹೊರಗಿಡೋಣ ಎಂದು ತೀರ್ಮಾನಿಸಿದೆ.

ಪ್ರತಿ ಯಂತ್ರದ ಮುಂದೆಯೂ ಒಂದೇ ಪ್ರಶ್ನೆ ಬರೆದೆ: ಇದರ ಕೀಲಿ ಯಾರ ಕೈಯಲ್ಲಿರಬೇಕು, ಆ ಕೀಲಿ ಕಳೆದರೆ ಇನ್ನು ಯಾವ ಬಾಗಿಲು ತೆರೆದುಕೊಳ್ಳುತ್ತದೆ? ಉತ್ತರ ಒಂದೇ ಆದವುಗಳೆಲ್ಲ ಒಂದು ವಲಯ. ಹೋಸ್ಟ್, ಡೊಮೇನ್ ಕಂಟ್ರೋಲರ್, ಸ್ವಿಚ್, ಫೈರ್‌ವಾಲ್ ಮೊದಲನೆಯದು. ಕಡತ ಮತ್ತು ಟ್ಯಾಲಿ ಎರಡನೆಯದು. ಸಿಬ್ಬಂದಿಯ ಕಂಪ್ಯೂಟರ್‌ಗಳು, ಪ್ಲೇಟ್ ಅಂಕಣ, ಕ್ಯಾಮೆರಾ ಮತ್ತು ಹಾಜರಾತಿ ಒಂದೊಂದು ವಲಯ. ಬ್ಯಾಕಪ್ ಮಾತ್ರ ಎಲ್ಲರಿಂದ ದೂರ.

ಯಜಮಾನರಿಗೆ ನಕ್ಷೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿ, “ಅಂದರೆ, ಜಗಲಿಯಲ್ಲಿ ಕೂತವರು ದೇವರಮನೆಗೆ ಹೋಗಬಾರದು ಎನ್ನುತ್ತೀರಿ” ಎಂದರು. ಇಷ್ಟು ಚೊಕ್ಕವಾಗಿ ನಾನು ಹೇಳಿರಲಿಲ್ಲ. ಮುಂದೆ ಎಲ್ಲರೂ ಅದೇ ಮಾತು ಬಳಸಿದೆವು.

ಎರಡನೆಯ ಶುಕ್ರವಾರ

ಆಷಾಢ ಶುಕ್ರವಾರ ಅರ್ಧ ಸಿಬ್ಬಂದಿ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ಬೆಳಿಗ್ಗೆ ಏಳಕ್ಕೇ ಬೀಗ ತೆಗೆಸಿ ಸ್ವಿಚ್ಚಿಗೆ ಕುಳಿತೆ. ವಿಲ್ಯಾನ್ ಎಂದರೆ ಒಂದೇ ಸ್ವಿಚ್ಚನ್ನು ಒಳಗಿಂದ ಹಲವು ಸ್ವಿಚ್ಚುಗಳಾಗಿ ಒಡೆಯುವ ಉಪಾಯ. ಪ್ರತಿ ಪೊಟ್ಟಣದ ತಲೆಗೆ 4 ಬೈಟ್‌ಗಳ ಚೀಟಿ ಅಂಟುತ್ತದೆ, ಅದರಲ್ಲಿ 12 ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ. 1ರಿಂದ 4094ರವರೆಗೆ ಬಳಸಬಹುದು. ನಮಗೆ ಆರು ಸಾಕಾದವು: 10, 20, 30, 40, 50, 60. ಹೊಸ ವಿಳಾಸಗಳನ್ನು 10.20ರಿಂದ ಶುರುಮಾಡಿ ಮೂರನೆಯ ಅಂಕಿಯನ್ನು ವಿಲ್ಯಾನ್ ಸಂಖ್ಯೆಯೇ ಆಗುವಂತೆ ಇಟ್ಟೆ. ಮನೆಮನೆಯ ರೂಟರ್‌ಗಳು 192.168.1 ಎನ್ನುವುದನ್ನೇ ಬಳಸುವುದರಿಂದ, ಲೆಕ್ಕ ನೋಡುವ ಮೇಡಂ ಮನೆಯಿಂದ ವಿಪಿಎನ್ ಎಂಬ ಖಾಸಗಿ ಸುರಂಗದ ಮೂಲಕ ಬಂದಾಗ ಎರಡು ಕಡೆಯ ವಿಳಾಸಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಆ ಹಳೆಯ ತೊಂದರೆಯೂ ಇದರಿಂದ ನೀಗಿತು.

ಒಂದು ಎಚ್ಚರಿಕೆ. ಸ್ವಿಚ್ಚಿನ ಆಡಳಿತ ವಿಳಾಸವನ್ನು 10ನೇ ವಿಲ್ಯಾನ್‌ಗೆ ಸರಿಸಿದ ಕ್ಷಣ ನನ್ನ ಲ್ಯಾಪ್‌ಟಾಪ್‌ಗೆ ಸ್ವಿಚ್ ಕಾಣಿಸದಾಯಿತು, ಏಕೆಂದರೆ ನಾನಿನ್ನೂ ಹಳೆಯ ವಿಲ್ಯಾನ್‌ನಲ್ಲೇ ಕುಳಿತಿದ್ದೆ. ನೆಟ್‌ವರ್ಕ್ ಇಲ್ಲದೆಯೂ ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಚೀಲದಲ್ಲಿದ್ದದ್ದರಿಂದ ಐದು ನಿಮಿಷದಲ್ಲಿ ಸರಿಹೋಯಿತು. ಮೊದಲು 24ನೇ ಪೋರ್ಟನ್ನು ಆಡಳಿತ ವಿಲ್ಯಾನ್‌ಗೆ ಮೀಸಲಿಟ್ಟು, ಅದರ ಮೇಲೆ ಕೆಂಪು ಟೇಪ್ ಸುತ್ತಿ, ಅಲ್ಲಿಗೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡ ಮೇಲೆಯೇ ವಿಳಾಸ ಬದಲಿಸಬೇಕು. ಆ ಟೇಪ್ ಈಗಲೂ ಇದೆ.

ಡೊಮೇನ್ ಕಂಟ್ರೋಲರ್, ಮತ್ತು ಗಡಿಯಾರ

ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಪರವಾನಗಿಯಲ್ಲಿ ಒಂದು ಹೋಸ್ಟ್ ಮೇಲೆ ಎರಡು ವರ್ಚುವಲ್ ಸರ್ವರ್‌ಗಳನ್ನು ನಡೆಸುವ ಹಕ್ಕಿದೆ. ಕಡತ ಒಂದು, ಟ್ಯಾಲಿ ಒಂದು, ಡೊಮೇನ್ ಕಂಟ್ರೋಲರ್ ಒಂದು ಎಂದು ಮೂರು ಮಾಡುವುದು ನನ್ನ ಆಸೆಯಾಗಿತ್ತು. ಇನ್ನೊಂದು ಪರವಾನಗಿಗೆ ಈ ವರ್ಷ ಹಣವಿಲ್ಲ ಎಂದರು. ಹಾಗಾದರೆ ಒಂಟಿಯಾಗಿರಬೇಕಾದದ್ದು ಯಾವುದು ಎಂದು ಯೋಚಿಸಿದೆ. ಡೊಮೇನ್ ಕಂಟ್ರೋಲರ್, ಅನುಮಾನವೇ ಇಲ್ಲ. ಎಲ್ಲರ ಕೀಲಿಗಳ ಗೊಂಚಲು ಇರುವುದು ಅದರಲ್ಲೇ. ಅಲ್ಲಿ ಬೇರೆ ಯಾವ ತಂತ್ರಾಂಶವೂ ಇರಬಾರದು, ಯಾರೂ ದಿನನಿತ್ಯದ ಕೆಲಸಕ್ಕೆ ಅಲ್ಲಿ ಕಾಲಿಡಬಾರದು. ಕಡತ ಮತ್ತು ಟ್ಯಾಲಿ ಒಟ್ಟಿಗೇ ಉಳಿದವು.

ಹೊಸ ವರ್ಚುವಲ್ ಸರ್ವರ್ ಎಬ್ಬಿಸಿ, ಅದನ್ನು ಎರಡನೆಯ ಡೊಮೇನ್ ಕಂಟ್ರೋಲರ್ ಮಾಡಿ, ಒಂದು ರಾತ್ರಿ ಎರಡೂ ಮಾಹಿತಿ ಹಂಚಿಕೊಳ್ಳಲು ಬಿಟ್ಟೆ. ಬೆಳಿಗ್ಗೆ ತಪಾಸಣೆ ಸರಿಯಿದ್ದದ್ದನ್ನು ನೋಡಿಕೊಂಡು, ಡೊಮೇನಿನಲ್ಲಿ ಒಬ್ಬರೇ ಹೊರಬಹುದಾದ ಐದು ಹೊಣೆಗಳನ್ನೂ ಹೊಸದಕ್ಕೆ ವರ್ಗಾಯಿಸಿ, ಹಳೆಯದನ್ನು ಆ ಪದವಿಯಿಂದ ಇಳಿಸಿದೆ. ಹಳೆಯದರ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಎಲ್ಲರ ಡೆಸ್ಕ್‌ಟಾಪ್‌ನಲ್ಲಿರುವ ಶಾರ್ಟ್‌ಕಟ್‌ಗಳು ಆ ಹೆಸರನ್ನೇ ಹುಡುಕುತ್ತವೆ. ಹೆಸರು ಉಳಿದರೆ ಯಾರ ಮೇಜಿಗೂ ಹೋಗಿ ಏನೂ ಬದಲಿಸಬೇಕಾಗಿಲ್ಲ.

ಹೋಸ್ಟನ್ನು ಡೊಮೇನಿನಿಂದ ಹೊರಗೆ ತಂದೆ. ಡೊಮೇನ್ ಕಂಟ್ರೋಲರ್ ಹೋಸ್ಟ್‌ನ ಹೊಟ್ಟೆಯೊಳಗಿದೆ, ಹೋಸ್ಟ್ ತನ್ನ ಲಾಗಿನ್‌ಗೆ ಅದನ್ನೇ ಕೇಳಬೇಕು ಎನ್ನುವುದು ಮಗು ಬಂದು ತಾಯಿಯನ್ನು ಎಬ್ಬಿಸಲಿ ಎಂದು ಕಾದಂತೆ.

ಆ ಶನಿವಾರ ರಾತ್ರಿ ಹೋಸ್ಟನ್ನು ಪೂರ್ತಿ ಆರಿಸಿ, ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿ, ಮತ್ತೆ ಹೊತ್ತಿಸಿದೆ. ಎಲ್ಲ ಹಸಿರು ದೀಪಗಳೂ ಬಂದವು. ಒಂದು ಡಿಟಿಪಿ ಯಂತ್ರದಿಂದ ಲಾಗಿನ್ ಆಗಲು ನೋಡಿದರೆ, ಈ ಯಂತ್ರಕ್ಕೂ ಸರ್ವರ್‌ಗೂ ದಿನಾಂಕ ಅಥವಾ ಸಮಯದಲ್ಲಿ ವ್ಯತ್ಯಾಸವಿದೆ ಎಂಬ ಸಂದೇಶ. ಡೊಮೇನ್ ಕಂಟ್ರೋಲರ್ ತೆರೆದೆ. ಅದರ ಮೂಲೆಯ ಗಡಿಯಾರ 2018ರ ಜನವರಿ 1 ಎನ್ನುತ್ತಿತ್ತು.

ಲಾಗಿನ್ ಪರೀಕ್ಷಿಸುವ ಕೆರ್ಬೆರೋಸ್ ಪದ್ಧತಿಯಲ್ಲಿ ಎರಡು ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಕದ್ದು ಇಟ್ಟುಕೊಂಡ ಹಳೆಯ ಲಾಗಿನ್ ಸಂದೇಶವನ್ನು ಯಾರೂ ಮತ್ತೆ ಬಳಸಬಾರದೆಂದು ಆ ನಿಯಮ. ಇಲ್ಲಿ ಅಂತರ ವರ್ಷಗಳಷ್ಟಿತ್ತು. ಹೋಸ್ಟ್‌ನ ಮದರ್‌ಬೋರ್ಡ್‌ನಲ್ಲಿರುವ ಗುಂಡಿಯಂಥ ಬ್ಯಾಟರಿ ಸತ್ತಿತ್ತು. ಇಷ್ಟು ವರ್ಷ ಯುಪಿಎಸ್ ಆಸರೆಯಲ್ಲಿ ಯಂತ್ರ ಆರಿಯೇ ಇರಲಿಲ್ಲವಾದ್ದರಿಂದ ಅದು ಸತ್ತದ್ದು ಯಾರಿಗೂ ತಿಳಿದಿರಲಿಲ್ಲ. ಆರಿಸಿ ಹೊತ್ತಿಸಿದೊಡನೆ ಹೋಸ್ಟ್ ಕಾರ್ಖಾನೆಯ ದಿನಾಂಕಕ್ಕೆ ಹೋಯಿತು. ಹೈಪರ್-ವಿ ಆ ಸಮಯವನ್ನೇ ಡೊಮೇನ್ ಕಂಟ್ರೋಲರ್‌ಗೆ ಹೇಳಿಕೊಟ್ಟಿತು. ಡೊಮೇನಿನ ಎಲ್ಲ ಯಂತ್ರಗಳೂ ಅದನ್ನೇ ನೋಡಿ ಗಡಿಯಾರ ತಿದ್ದಿಕೊಳ್ಳುವವು. ಇನ್ನಷ್ಟು ಹೊತ್ತು ಹಾಗೆಯೇ ಬಿಟ್ಟಿದ್ದರೆ ತಪ್ಪು ದಿನಾಂಕ ಮುದ್ರಣಾಲಯದ ತುಂಬ ಹರಡುತ್ತಿತ್ತು, ಟ್ಯಾಲಿಯ ಬಿಲ್ಲುಗಳವರೆಗೆ.

ಬ್ಯಾಟರಿಯ ಹೆಸರು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದು ಹೆಸರಲ್ಲೇ ಇದೆ. 3 ವೋಲ್ಟ್ ಇರಬೇಕಾದದ್ದು ನನ್ನ ಮೀಟರ್‌ನಲ್ಲಿ 2ಕ್ಕೂ ಕಡಿಮೆ ತೋರಿಸಿತು. ಭಾನುವಾರ ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯ ಗಡಿಯಾರ ರಿಪೇರಿ ಅಂಗಡಿಯೊಂದು ತೆರೆಯುವುದನ್ನು ಕಾದು ನಿಂತು ತಂದೆ.

ಬ್ಯಾಟರಿ ಹಾಕಿದ್ದು ಅರ್ಧ ಪರಿಹಾರ. ಡೊಮೇನ್ ಕಂಟ್ರೋಲರ್ ಹೋಸ್ಟ್‌ನಿಂದ ಸಮಯ ಪಡೆಯುವ ವ್ಯವಸ್ಥೆಯನ್ನೇ ಹೈಪರ್-ವಿಯಲ್ಲಿ ತೆಗೆದುಹಾಕಿ, ಅದು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಮತ್ತು ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳನ್ನು ಕೇಳುವಂತೆ ಮಾಡಿದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನವೂ ಗಡಿಯಾರಗಳನ್ನು ಇವೆರಡರಲ್ಲಿ ಒಂದಕ್ಕೆ ಹೊಂದಿಸಿಕೊಳ್ಳಬೇಕೆನ್ನುತ್ತದೆ. ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು) 180 ದಿನ ಇಡಬೇಕೆಂಬ ಮಾತೂ ಅದರಲ್ಲೇ ಇದೆ, ಅದನ್ನೂ ಫೈರ್‌ವಾಲ್‌ನಲ್ಲಿ ಹೊಂದಿಸಿದೆ. ಹೋಸ್ಟ್ ಸಮಯ ಕೇಳುವುದು ಈಗ ಫೈರ್‌ವಾಲನ್ನು.

ಪ್ಲೇಟ್ ಅಂಕಣದ ಹಿರಿಯ

ಎಕ್ಸ್‌ಪಿ ಯಂತ್ರದ ಬಗ್ಗೆ ನನಗೆ ಗೌರವವಿದೆ. ಅದರೊಳಗಿನ ರಿಪ್ ತಂತ್ರಾಂಶ ಪುಟಗಳನ್ನು ಚುಕ್ಕೆಗಳಾಗಿ ಒಡೆದು ಅಲ್ಯೂಮಿನಿಯಂ ಪ್ಲೇಟ್ ಮೇಲೆ ಮೂಡಿಸಲು ಕಳಿಸುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ, ಆದರೆ ಈ ಪ್ಲೇಟ್ ಯಂತ್ರಕ್ಕೆ ಹೊಸ ವಿಂಡೋಸ್‌ನಲ್ಲಿ ನಡೆಯುವ ಡ್ರೈವರ್ ಇಲ್ಲ. ಬದಲಿಸುವುದೆಂದರೆ ಪ್ಲೇಟ್ ಯಂತ್ರವನ್ನೇ ಬದಲಿಸಬೇಕು. ಆಗದ ಮಾತು.

ತೊಂದರೆ ಎರಡಿದ್ದವು. ಆ ತಂತ್ರಾಂಶ ಕಡತಗಳನ್ನು ಎತ್ತಿಕೊಳ್ಳುವ ಜಾಗ 192.168.1.5 ಎಂದು ಒಳಗೆ ಗಟ್ಟಿಯಾಗಿ ಕೂತಿದೆ; ಬದಲಿಸುವ ಪರದೆಗೆ ಬೇಕಾದ ಪಾಸ್‌ವರ್ಡ್ ಯಾರ ಬಳಿಯೂ ಇಲ್ಲ. ಎರಡನೆಯದು, ಕಡತ ಹಂಚಿಕೊಳ್ಳುವ ಎಸ್‌ಎಂಬಿ ಪದ್ಧತಿಯಲ್ಲಿ ಎಕ್ಸ್‌ಪಿಗೆ ಬರುವುದು ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕುವ ವಾನಾಕ್ರೈ ವೈರಸ್ ಜಗತ್ತನ್ನೆಲ್ಲ ಸುತ್ತಿದ್ದು ಆ ಆವೃತ್ತಿಯಲ್ಲಿದ್ದ ಬಿರುಕಿನಿಂದಲೇ. ಈ ಒಂದು ಯಂತ್ರಕ್ಕಾಗಿ ಅದನ್ನು ಮುಖ್ಯ ಸರ್ವರ್‌ನಲ್ಲಿ ತೆರೆದಿಟ್ಟಿದ್ದರು.

ಹಿರಿಯರನ್ನು ಅಲುಗಾಡಿಸದೆ ಉಳಿದವರೆಲ್ಲ ಜಾಗ ಬದಲಿಸುವುದೇ ಸರಿ ಎನಿಸಿತು. ಹಳೆಯ 192.168.1ರ ಸಾಲನ್ನು ಪ್ಲೇಟ್ ಅಂಕಣದ ವಿಲ್ಯಾನ್‌ಗೇ ಬಿಟ್ಟುಕೊಟ್ಟೆ. ಮುಖ್ಯ ಸರ್ವರ್ 10.20.20.5ಕ್ಕೆ ಹೋಯಿತು. ಅದು ಖಾಲಿ ಮಾಡಿದ 192.168.1.5 ವಿಳಾಸದಲ್ಲಿ ಲಿನಕ್ಸ್ ಮತ್ತು ಎಸ್‌ಎಂಬಿ ಬಲ್ಲ ಸಾಂಬಾ ತಂತ್ರಾಂಶ ಹಾಕಿದ ಒಂದು ಪುಟ್ಟ ಪೆಟ್ಟಿಗೆಯನ್ನು ಕೂರಿಸಿ, ಹಳೆಯ ಫೋಲ್ಡರ್‌ನ ಹೆಸರನ್ನೇ ಅದಕ್ಕೆ ಕೊಟ್ಟೆ. ಎಸ್‌ಎಂಬಿಯ ಮೊದಲ ಆವೃತ್ತಿ ಈಗ ಅಲ್ಲಿ ಮಾತ್ರ ಇದೆ. ಡಿಟಿಪಿಯವರು ಮುಗಿದ ಪುಟಗಳನ್ನು ಅಲ್ಲಿ ಇಡುತ್ತಾರೆ, ಎಕ್ಸ್‌ಪಿ ಎತ್ತಿಕೊಳ್ಳುತ್ತದೆ, ಮೂರು ದಿನಕ್ಕಿಂತ ಹಳೆಯದು ತಾನಾಗಿ ಅಳಿಯುತ್ತದೆ. ಎಕ್ಸ್‌ಪಿಗೆ ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ ವಿಳಾಸವನ್ನೇ ಕೊಟ್ಟಿಲ್ಲ. ಆ ಅಂಕಣದಾಚೆ ಜಗತ್ತಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಆ ಪೆಟ್ಟಿಗೆಯ ಮೇಲೆ ಯಜಮಾನರು ತಾವೇ ಸ್ಕೆಚ್ ಪೆನ್ನಿನಲ್ಲಿ “ಜಗಲಿ” ಎಂದು ಬರೆದರು.

ಕ್ಯಾಮೆರಾ ವಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಿಂದ ಯಾವ ಸರ್ವರ್‌ಗೂ ದಾರಿ ಇಲ್ಲ, ಅಷ್ಟೇ.

ಕೀಲಿಗಳು

ತಂತಿ, ಸಂಖ್ಯೆಗಳ ಕೆಲಸ ಎರಡು ವಾರದ್ದು. ಕೀಲಿ ಹಂಚುವ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕಾಯಿತು. ನನಗೇ ಈಗ ನಾಲ್ಕು ಖಾತೆಗಳಿವೆ: ಡೊಮೇನ್ ಕಂಟ್ರೋಲರ್‌ಗೆ ಒಂದು, ಕಡತ ಸರ್ವರ್‌ಗೆ ಒಂದು, ಸಿಬ್ಬಂದಿಯ ಕಂಪ್ಯೂಟರ್‌ಗಳಿಗೆ ಒಂದು, ಇಮೇಲ್ ಓದಲು ಯಾವ ಅಧಿಕಾರವೂ ಇಲ್ಲದ ಒಂದು. ಮೊದಲನೆಯ ಖಾತೆ ಸಿಬ್ಬಂದಿಯ ಯಂತ್ರಗಳಲ್ಲಿ ಲಾಗಿನ್ ಆಗದಂತೆ, ಡೊಮೇನಿನ ಯಂತ್ರಗಳಿಗೆ ನಿಯಮ ಹೇರುವ ಗ್ರೂಪ್ ಪಾಲಿಸಿಯಲ್ಲೇ ತಡೆದಿದ್ದೇನೆ. ಆತುರದಲ್ಲಿ ನಾನು ಮರೆತರೂ ಯಂತ್ರ ಒಪ್ಪುವುದಿಲ್ಲ. ಹೋಸ್ಟ್, ಫೈರ್‌ವಾಲ್, ಬ್ಯಾಕಪ್‌ಗಳ ಪಾಸ್‌ವರ್ಡ್‌ಗಳನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಅಂಟಿಸಿ, ಅಂಟಿನ ಮೇಲೆ ಯಜಮಾನರ ಸಹಿ ಹಾಕಿಸಿ, ತಿಜೋರಿಯಲ್ಲಿ ಇಡಿಸಿದೆ. ನನಗೆ ಏನಾದರೂ ಆದರೆ ಮುದ್ರಣಾಲಯ ನಿಲ್ಲಬಾರದು.

ಮಾನಿಟರ್ ಕೆಳಗಿನ ಚೀಟಿ ಕೀಳುವ ಮೊದಲು ಫಾಂಟ್ ಸಮಸ್ಯೆ ಬಿಡಿಸಬೇಕಿತ್ತು. ಅದನ್ನು ಬಿಡಿಸದೆ ಅಧಿಕಾರ ಕಿತ್ತುಕೊಂಡರೆ ಹೊಸ ಚೀಟಿ ಮತ್ತೊಂದು ಕಡೆ ಹುಟ್ಟುತ್ತದೆ, ಅವರನ್ನು ಬೈಯಲೂ ಆಗುವುದಿಲ್ಲ. ಈಗ ವಿನ್ಯಾಸಗಾರರು ಹೊಸ ಫಾಂಟನ್ನು ಒಂದು ಫೋಲ್ಡರ್‌ನಲ್ಲಿ ಇಡುತ್ತಾರೆ. ಹಿರಿಯ ವಿನ್ಯಾಸಗಾರರು ನೋಡಿ ಒಪ್ಪಿ ಇನ್ನೊಂದಕ್ಕೆ ಸರಿಸಿದರೆ, ಮರುದಿನ ಕಂಪ್ಯೂಟರ್‌ಗಳು ಹೊತ್ತಿಕೊಳ್ಳುವಾಗ ಸ್ಕ್ರಿಪ್ಟ್ ಒಂದು ಎಲ್ಲ ಯಂತ್ರಗಳಿಗೂ ಅದನ್ನು ಅಳವಡಿಸುತ್ತದೆ. ಕೇಬಲ್ ಕಿತ್ತು ಎಲ್ಲವನ್ನೂ ಉಳಿಸಿದ್ದು ಅವರೇ. ಆ ಒಪ್ಪಿಗೆಯ ಅಧಿಕಾರ ಅವರಿಗೇ ಸಲ್ಲಬೇಕು ಎನಿಸಿತು.

ಬ್ಯಾಕಪ್

ಮೊದಲು ಸರ್ವರ್ ತಾನೇ ಬ್ಯಾಕಪ್ ಪೆಟ್ಟಿಗೆಗೆ ಬರೆಯುತ್ತಿತ್ತು. ಬರೆಯಬಲ್ಲವರು ಅಳಿಸಲೂ ಬಲ್ಲರು. ಈಗ ದಿಕ್ಕು ತಿರುಗಿಸಿದ್ದೇನೆ. ಡೊಮೇನಿಗೆ ಸೇರದ ಒಂದು ಲಿನಕ್ಸ್ ಯಂತ್ರ ರಾತ್ರಿ ಹನ್ನೊಂದಕ್ಕೆ ಓದಲು ಮಾತ್ರ ಅನುಮತಿಯಿರುವ ಖಾತೆಯಲ್ಲಿ ಸರ್ವರ್‌ಗೆ ಹೋಗಿ ಕಡತಗಳನ್ನು ಎಳೆದುಕೊಳ್ಳುತ್ತದೆ. ಅದರೊಳಗೆ ಬರಲು ಯಾರಿಗೂ ಬಾಗಿಲಿಲ್ಲ. ಇದಲ್ಲದೆ ಡೊಮೇನ್ ಕಂಟ್ರೋಲರ್‌ನ ಒಂದು ಪ್ರತಿ ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕ್‌ಗೆ ಹೋಗಿ, ಡಿಸ್ಕ್ ಕಿತ್ತು ತಿಜೋರಿ ಸೇರುತ್ತದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಯಲ್ಲಿ ಮಾರ್ಸ್ಕ್ ಎಂಬ ಹಡಗು ಕಂಪನಿಯ ಡೊಮೇನ್ ಕಂಟ್ರೋಲರ್‌ಗಳೆಲ್ಲ ಅಳಿಸಿಹೋದಾಗ, ಘಾನಾ ದೇಶದ ಕಚೇರಿಯದೊಂದು ಉಳಿದಿತ್ತು. ಆ ಹೊತ್ತಿಗೆ ಅಲ್ಲಿ ವಿದ್ಯುತ್ ಹೋಗಿ ಅದು ನೆಟ್‌ವರ್ಕ್‌ನಿಂದ ಹೊರಗಿತ್ತು. ಅಷ್ಟು ದೊಡ್ಡ ಕಂಪನಿಯನ್ನು ಒಂದು ಕರೆಂಟ್ ಕಡಿತ ಕಾಪಾಡಿತು. ನಮ್ಮ ಡಿಸ್ಕ್ ತಿಜೋರಿಯಲ್ಲಿ ಕರೆಂಟಿಲ್ಲದೆ ಮಲಗಿರಲಿ. ಆದರೆ ಅದನ್ನು ಮರೆಯುವಂತಿಲ್ಲ: 180 ದಿನಕ್ಕಿಂತ ಹಳೆಯ ಪ್ರತಿಯಿಂದ ಆಕ್ಟಿವ್ ಡೈರೆಕ್ಟರಿಯನ್ನು ಎಬ್ಬಿಸುವುದು ಸಾಮಾನ್ಯವಾಗಿ ಆಗುವುದಿಲ್ಲ.

ಕೊನೆಯ ಗುರುವಾರ ಪರೀಕ್ಷೆ. ಮೇನ್ ಸ್ವಿಚ್ ಇಳಿಸಿ, ಯುಪಿಎಸ್ ಕೂಡ ಆರಿಸಿ, ಎಲ್ಲವೂ ತಾವಾಗಿ ಏಳುತ್ತವೆಯೇ ನೋಡಿದೆವು. ಎದ್ದವು, ಸರಿಯಾದ ದಿನಾಂಕದೊಂದಿಗೆ. ನಂತರ ಖಾಲಿ ಕಂಪ್ಯೂಟರ್ ಒಂದಕ್ಕೆ ಬ್ಯಾಕಪ್‌ನಿಂದ ಹೋದ ವರ್ಷದ ಒಂದು ಲಗ್ನಪತ್ರಿಕೆಯ ಕಡತ ತಂದು ತೆರೆದೆ. ಗಣಪತಿಯ ಚಿತ್ರ ಬಂತು, ಅಂಚಿನ ಬಳ್ಳಿ ಬಂತು. ಅಕ್ಷರಗಳು ಬರಲಿಲ್ಲ. ವಧೂವರರ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಹಿರಿಯ ವಿನ್ಯಾಸಗಾರರು ನೋಡಿದೊಡನೆ, “ಫಾಂಟ್ ಇಲ್ಲ” ಎಂದರು. ಯೂನಿಕೋಡ್‌ಗಿಂತ ಮುಂಚಿನ ಪದ್ಧತಿಯ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಕೂರಿಸಿದವು; ಆ ಫಾಂಟ್ ಇಲ್ಲದಿದ್ದರೆ ಕಡತದಲ್ಲಿ ಕನ್ನಡವೇ ಇಲ್ಲ. ಹದಿನೈದು ವರ್ಷಗಳ ಪತ್ರಿಕೆಗಳನ್ನು ಜೋಪಾನ ಮಾಡಿದೆನೆಂದುಕೊಂಡಿದ್ದೆ. ಫಾಂಟ್‌ಗಳು ಮಾತ್ರ ಆರು ಡಿಟಿಪಿ ಯಂತ್ರಗಳಲ್ಲಿ ಚೆದುರಿ ಬಿದ್ದಿದ್ದವು, ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ಇರಲಿಲ್ಲ.

ಅವತ್ತು ರಾತ್ರಿ ಒಂಬತ್ತರವರೆಗೆ ಇಬ್ಬರೂ ಕುಳಿತು ಆರು ಯಂತ್ರಗಳ ಫಾಂಟ್‌ಗಳನ್ನೂ ಒಂದು ಕಡೆ ತಂದೆವು. ಹೆಸರು ಒಂದೇ ಇದ್ದು ಒಳಗೆ ಬೇರೆಯಾಗಿದ್ದವನ್ನು ಅವರು ಕಣ್ಣಲ್ಲೇ ಗುರುತಿಸಿ ಬೇರೆ ಮಾಡಿದರು. ಆ ಫೋಲ್ಡರ್ ಬ್ಯಾಕಪ್‌ನ ಪಟ್ಟಿಗೆ ಸೇರಿತು. ಹನ್ನೊಂದಕ್ಕೆ ಲಿನಕ್ಸ್ ಯಂತ್ರ ಬಂದು ಎಳೆದುಕೊಂಡಿತು. ಶುಕ್ರವಾರ ಬೆಳಿಗ್ಗೆ ಅದೇ ಪತ್ರಿಕೆಯನ್ನು ಅದೇ ಖಾಲಿ ಯಂತ್ರದಲ್ಲಿ ಮತ್ತೆ ತೆರೆದೆವು. ಈ ಸಲ ವಧೂವರರ ಹೆಸರುಗಳು ಕನ್ನಡದಲ್ಲೇ ಬಂದವು.